ಕಾಫಿ ಹೊಟ್ಟಿಂದ ಹೈಡ್ರೋಜನ್ ಕ್ಯಾಟಲಿಸ್ಟ್ ಮಾಡ್ಬಹುದಾ?

ಪ್ರಶ್ನೆ: ಹಲ್ಲರ್ ಮುಂದೆ ಚೆರ್ರಿ ಹೊಟ್ಟು ಗುಡ್ಡೆ ಬಿದ್ದಿದೆ. ಅದನ್ನ ಇದ್ದಿಲು ಮಾಡಿ ಕಬ್ಬಿಣ ಸೇರಿಸಿದ್ರೆ ನೀರಿಂದ ಹೈಡ್ರೋಜನ್ ತೆಗೆಯೋಕೆ ಪ್ಲಾಟಿನಂ ಬೇಡ್ವಂತೆ, ಬಿಎಸ್ಸಿ ಓದೋ ಮಗ ಮನೇಲೇ ಟ್ರೈ ಮಾಡ್ತೀನಿ ಅಂತಾನೆ. ಆಗೋ ಕೆಲ್ಸನಾ? ಕರೆಂಟ್ ಬಿಲ್ ಏನಾದ್ರೂ ಉಳಿಯುತ್ತಾ?
– ಓದುಗರು, ಮೂಡಿಗೆರೆ

ಉತ್ತರ: ಆಗೋ ಕೆಲ್ಸಾನೇ, ಆದ್ರೆ ಬಚ್ಚಲೊಲೆಯಲ್ಲಿ ಆಗಲ್ಲ. (ಕ್ಯಾಟಲಿಸ್ಟ್ ಅಂದ್ರೆ ತಾನು ಖರ್ಚಾಗದೆ ಕ್ರಿಯೆ ಚುರುಕು ಮಾಡೋ ವಸ್ತು, ಇಲ್ಲಿ ಕರೆಂಟ್ ಹರಿಸಿ ನೀರು ಒಡೆಯೋ ಕ್ರಿಯೆ.) ಹೊಟ್ಟನ್ನ ಒಣಗಿಸಿ ಪುಡಿ ಮಾಡಿ, ಫೆರಿಕ್ ಕ್ಲೋರೈಡ್ ಥರದ ಕಬ್ಬಿಣದ ಲವಣ ಕರಗಿಸಿದ ನೀರಲ್ಲಿ ನೆನೆಸಿ, ಸ್ವಲ್ಪ ಯೂರಿಯಾನೂ ಹಾಕಿ (ತೋಟಕ್ಕೆ ಎರಚ್ತೀವಲ್ಲ, ಅದೇ ವಸ್ತು, ಕಾರ್ಬನ್ ಒಳಗೆ ನೈಟ್ರೋಜನ್ ಸೇರ್ಲಿ ಅಂತ) ಟ್ಯೂಬ್ ಫರ್ನೇಸಲ್ಲಿ (ಕೊಳವೆ ಥರದ ಲ್ಯಾಬ್ ಕುಲುಮೆ) 700ರಿಂದ 900 ಡಿಗ್ರಿ ತನಕ ಕಾಯಿಸ್ತಾರೆ. ಗಾಳಿ ಒಳಗೆ ನುಗ್ತೋ, ಇದ್ದಿಲೆಲ್ಲ ಉರಿದು ಕೆಂಪು ಬೂದಿ ಅಷ್ಟೇ ಸಿಗೋದು, ಅದಕ್ಕೇ ನೈಟ್ರೋಜನ್ ಇಲ್ಲಾ ಆರ್ಗಾನ್ ಗ್ಯಾಸ್ ಹರಿಸ್ತಾನೇ ಇರ್ಬೇಕು. ಹೊಟ್ಟು ಪುಕ್ಕಟೆ, ಕಬ್ಬಿಣ ಅಗ್ಗ, ದುಡ್ಡು ಹೋಗೋದು ಈ ಫರ್ನೇಸು ಸಿಲಿಂಡರಿಗೆ.

ಒಳಗೆ ನಡೆಯೋದು ಮಾತ್ರ ಚೆನ್ನಾಗಿದೆ. ಇದ್ದಿಲು ಕಬ್ಬಿಣದ ಆಕ್ಸಿಜನ್ ಕಿತ್ಕೊಳ್ಳುತ್ತೆ, ಕಬ್ಬಿಣ ತಿರುಗಿ ಇದ್ದಿಲನ್ನ ಗ್ರಾಫೈಟ್ ಪದರ ಪದರವಾಗಿ ಜೋಡಿಸುತ್ತೆ, ಕರೆಂಟ್ ಹರಿಯೋಕೆ ಈ ಪದರಗಳೇ ಬೇಕಾಗಿರೋದು. ಕೊನೇಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಾಳುಗಳು, ಐರನ್ ಕಾರ್ಬೈಡ್ (ಕಬ್ಬಿಣ ಕಾರ್ಬನ್ ಸೇರಿದ ವಸ್ತು) ಕಾಳುಗಳ ಸುತ್ತ ಕಾರ್ಬನ್ ಹೊದಿಕೆ ಬಂದಿರುತ್ತೆ. ಆಸಿಡಲ್ಲಿ ತೊಳೆದ್ರೆ ಹೊರಗೆ ಅಂಟಿದ ಕಬ್ಬಿಣ ಕರಗಿ ಹೋಗುತ್ತೆ, ಹೊದಿಕೆ ಒಳಗಿಂದು ಉಳ್ಕೊಳ್ಳುತ್ತೆ. (ಇದ್ದಿಲು ಕಬ್ಬಿಣದ ನಂಟು ನಮ್ಮ ಕಡೆಗೇನು ಹೊಸದಲ್ಲ ಬಿಡಿ, ಕೆಮ್ಮಣ್ಣುಗುಂಡಿ ಅದಿರನ್ನ ಭದ್ರಾವತೀಲಿ ಮಲೆನಾಡಿನ ಸೌದೆ ಇದ್ದಿಲಲ್ಲೇ ಕರಗಿಸ್ತಿದ್ರು, 1923ರಷ್ಟು ಹಿಂದೇನೇ.)

ಹಾಗಂತ ಪ್ಲಾಟಿನಂಗೆ ಸಮ ಅನ್ಕೋಬೇಡಿ, ಹೈಡ್ರೋಜನ್ ಬಿಡಿಸೋದ್ರಲ್ಲಿ, ಅದ್ರಲ್ಲೂ ಆಸಿಡ್ ಸೆಲ್‌ನಲ್ಲಿ (ಸೆಲ್ ಅಂದ್ರೆ ಕರೆಂಟ್ ಕೊಟ್ಟು ನೀರು ಒಡೆಯೋ ಪಾತ್ರೆ), ಈಗಲೂ ಪ್ಲಾಟಿನಮ್ಮೇ ಮುಂದೆ. ಕಬ್ಬಿಣ ನಿಜವಾಗಿ ಕೈ ಹಿಡಿಯೋದು ಕ್ಷಾರದ ಸೆಲ್‌ನ ಆಕ್ಸಿಜನ್ ಬರೋ ಕಡೆ, ಅದೂ ನಿಕಲ್ ಜತೆ ಸೇರಿದಾಗ.

ಕರೆಂಟ್ ಬಿಲ್ ಉಳಿಯಲ್ಲ. ನೀರು ಒಡೆಯೋಕೆ ಕನಿಷ್ಠ 1.23 ವೋಲ್ಟ್ ಕೊಡ್ಲೇಬೇಕು, ಯಾವ ಕ್ಯಾಟಲಿಸ್ಟೂ ಅದನ್ನ ಇಳಿಸಲ್ಲ, ಮೇಲೆ ದಂಡವಾಗೋ ವೋಲ್ಟೇಜನ್ನ ಕಮ್ಮಿ ಮಾಡುತ್ತೆ ಅಷ್ಟೇ. ಒಳ್ಳೇ ಎಲೆಕ್ಟ್ರೊಲೈಸರ್‌ಗೂ (ನೀರು ಒಡೆಯೋ ಯಂತ್ರ) ಕೆಜಿ ಹೈಡ್ರೋಜನ್‌ಗೆ 50 ಯೂನಿಟ್ ಹತ್ರ ಬೇಕು, ಆ ಕೆಜಿಯಿಂದ ವಾಪಸ್ ಸಿಗೋ ಶಕ್ತಿ ಸುಮಾರು 33 ಯೂನಿಟ್, ಅದನ್ನ ಮತ್ತೆ ಕರೆಂಟ್ ಮಾಡೋಕೆ ಹೋದ್ರೆ ಇನ್ನೂ ಕಮ್ಮಿ.

ಮಗ ಕಾಲೇಜ್ ಲ್ಯಾಬಲ್ಲಿ ಪ್ರಾಜೆಕ್ಟ್ ಅಂತ ಮಾಡ್ಲಿ, ನನ್ನ ಪ್ರಕಾರ ಒಳ್ಳೇ ವಿಷ್ಯ. ಮನೇಲಿ ಮಾತ್ರ ಅಡುಗೆ ಉಪ್ಪು ಹಾಕಿದ ನೀರಿಗೆ ಬ್ಯಾಟರಿ ಕೊಡೋದು ಬೇಡ, ಕ್ಲೋರಿನ್ ಬರುತ್ತೆ. ಹೈಡ್ರೋಜನ್ ಅಂತೂ ಗಾಳೀಲಿ ಶೇಕಡ 4ರಷ್ಟು ಸೇರಿದ್ರೂ ಕಿಡಿಗೆ ಹತ್ಕೊಳ್ಳುತ್ತೆ, ಬಾಗಿಲು ಹಾಕಿದ ಗೋಡೌನಲ್ಲಂತೂ ಬೇಡ್ವೇ ಬೇಡ.