ಒಂಬತ್ತು ವರ್ಷದ ಸೊಂಟಕ್ಕೆ ಬ್ಲ್ಯಾಕ್ ಬೆಲ್ಟ್

ಈ ಪ್ರಕರಣದ ಬಗ್ಗೆ ಬರೆಯಲು ಹುಡುಗಿಯ ತಾಯಿ ಒಪ್ಪಿದ್ದಾರೆ. ಹೆಸರು ಹೇಳುವುದಿಲ್ಲ, ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವುದು ನನ್ನ ಕೆಲಸ. ಎರಡು ವರ್ಷಗಳಲ್ಲಿ ಇದೇ ತೊಂದರೆ ಹೊತ್ತು ನನ್ನ ಬಳಿ ಬಂದ ಐದನೇ ಮಗು ಇವಳು. ಐದೂ ಮನೆಯವರು ಮೊದಲು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: "ಬ್ಲ್ಯಾಕ್ ಬೆಲ್ಟ್ ಬರೋ ತನಕ ಎಷ್ಟು ಖುಷಿಯಾಗಿ ಹೋಗ್ತಿತ್ತು, ಈಗ ಕ್ಲಾಸು ಅಂದ್ರೆ ಸಾಕು ಹೊಟ್ಟೆನೋವು."

ಹಿನ್ನೆಲೆ ಹೆಚ್ಚೇನಿಲ್ಲ. ಐದನೇ ವಯಸ್ಸಿಗೆ ಕರಾಟೆಗೆ ಸೇರಿದವಳು. ಒಂದು ದಿನ ತಪ್ಪಿಸದೆ ಹೋಗಿ ಒಂಬತ್ತು ತುಂಬಿದ ಎರಡೇ ತಿಂಗಳಿಗೆ ಟೆಸ್ಟ್ ಪಾಸಾದಳು. ಮೂರು ತಿಂಗಳ ನಂತರ ಕ್ಲಾಸಿನ ದಿನ ಬಂದರೆ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದಳು. ವೈದ್ಯರು ನೋಡಿ ದೇಹದಲ್ಲಿ ತೊಂದರೆಯಿಲ್ಲ ಎಂದರು. ಉಗುರು ಕಚ್ಚುವುದು ಶುರುವಾಯಿತು. ಮೊದಲ ಎರಡು ಭೇಟಿಯಲ್ಲಿ ಅವಳು ನನ್ನೊಡನೆ ಆಡಿದ್ದು ಶಾಲೆಯ ಮಾತು, ಗೆಳತಿಯರ ಮಾತು. ಕರಾಟೆ ಎಂದ ಕೂಡಲೇ "ಗೊತ್ತಿಲ್ಲ" ಎನ್ನುತ್ತಿದ್ದಳು.

ಮೂರನೇ ಸಲ ಬರುವಾಗ ಕರಾಟೆ ಡ್ರೆಸ್ ತರಲು ಹೇಳಿದ್ದೆ. ನನಗೆ ಪ್ರದರ್ಶನ ಬೇಕಿರಲಿಲ್ಲ. ಬಾಯಲ್ಲಿ ಬಾರದ್ದನ್ನು ಮಕ್ಕಳು ಕೈಯಲ್ಲಿ ಸುಲಭವಾಗಿ ಹೇಳುತ್ತವೆ, ಅದಕ್ಕೆ. ಡ್ರೆಸ್ ಹಾಕಿಕೊಂಡು ಬಂದಳು. ಬೆಲ್ಟು ಕೈಯಲ್ಲಿತ್ತು, ಇನ್ನೂ ಹೊಸ ಬಟ್ಟೆಯ ಗಡಸು ಹೋಗಿರಲಿಲ್ಲ. ನನ್ನ ಕೋಣೆಯ ನಡುವೆ ನಿಂತು ಎರಡೂ ತೋಳುಗಳನ್ನು ಪಕ್ಕಕ್ಕೆ ಸ್ವಲ್ಪ ಎತ್ತಿದಳು. ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಮ್ಮ ಎದ್ದು ಬಂದು, ಅವಳ ಮುಂದೆ ಮಂಡಿಯೂರಿ, ಬೆಲ್ಟನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ, ಎರಡೂ ತುದಿಗಳನ್ನು ಜೋಡಿಸಿ ಅಳತೆ ನೋಡಿದರು. ಒಂದು ತುದಿ ಬೆರಳಗಲ ಉದ್ದ ಬಂದಿತ್ತು. ಬಿಚ್ಚಿ ಮತ್ತೆ ಕಟ್ಟಿದರು. ಅಷ್ಟು ಹೊತ್ತೂ ಹುಡುಗಿ ತೋಳು ಇಳಿಸಲಿಲ್ಲ.

"ನಿನಗೆ ಕಟ್ಟಿಕೊಳ್ಳೋಕೆ ಬರುತ್ತಾ?" ಎಂದು ಕೇಳಿದೆ.

"ಬರುತ್ತೆ. ಅಮ್ಮ ಕಟ್ಟಿದ್ರೆ ಸಮ ಬರುತ್ತೆ."

"ಸಮ ಬರದಿದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಂದ ಮಾತನ್ನು ಅವತ್ತೇ ಬರೆದಿಟ್ಟುಕೊಂಡೆ: "ಬಿಳಿ ಬೆಲ್ಟ್ ಇದ್ದಾಗ ತಪ್ಪಾದ್ರೆ ಮಾಸ್ಟರ್ ಬಂದು ಕೈ ಹಿಡಿದು ಸರಿ ಮಾಡ್ತಿದ್ರು. ಈಗ ತಪ್ಪಾದ್ರೆ, ನೀನು ಬ್ಲ್ಯಾಕ್ ಬೆಲ್ಟು ಅಂತಾರೆ, ಅಷ್ಟೇ."

ಅಮ್ಮ ನನ್ನ ಮುಖ ನೋಡಿದರು. ನಾನು ಏನೂ ಹೇಳದೆ ಕಾದೆ. ಹುಡುಗಿ ಮುಂದುವರಿಸಿದಳು. ಈಗ ಅವಳನ್ನು ಮೊದಲ ಸಾಲಿನಲ್ಲಿ ನಿಲ್ಲಿಸುತ್ತಾರೆ. ಕಟಾ, ಅಂದರೆ ಗೊತ್ತಾದ ಕ್ರಮದ ಚಲನೆಗಳ ಸರಣಿ, ಮಾಡುವಾಗ ಹಿಂದಿನವರೆಲ್ಲ ಅವಳನ್ನೇ ನೋಡಿಕೊಂಡು ಮಾಡಬೇಕು. ಒಂದು ದಿನ ತಿರುಗುವ ದಿಕ್ಕು ಮರೆತುಹೋಗಿ ಹಿಂದಿದ್ದವರೂ ಅವಳ ಜೊತೆಗೇ ತಪ್ಪಾಗಿ ತಿರುಗಿದರು. ಇನ್ನೊಂದು ದಿನ ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರಾಗಿ ಕಾದಾಡುವ ಅಭ್ಯಾಸದಲ್ಲಿ, ಹದಿನಾಲ್ಕು ವರ್ಷದ, ಹಸಿರು ಬೆಲ್ಟಿನ ಹುಡುಗ ಅವಳನ್ನು ಎರಡೇ ಹೆಜ್ಜೆಯಲ್ಲಿ ಅಂಗಳದಾಚೆ ತಳ್ಳಿದ. ನೋಡುತ್ತಿದ್ದ ಯಾರೋ ನಕ್ಕರು. ಅವನ ತೂಕ ಇವಳ ಎರಡರಷ್ಟು. ಅದರಲ್ಲಿ ಇವಳ ತಪ್ಪೇನಿದೆ? ಆದರೆ ಒಂಬತ್ತು ವರ್ಷದ ತಲೆ ಮಾಡಿದ ಲೆಕ್ಕ ಬೇರೆ: ಕಪ್ಪು ಹಸಿರಿಗಿಂತ ಮೇಲೆ, ನಾನು ಸೋತೆ, ಅಂದರೆ ನನ್ನ ಕಪ್ಪು ಸುಳ್ಳು.

ಕೊನೆಗೆ ಅವಳು ನನ್ನನ್ನು ಕೇಳಿದ್ದು: "ಆಂಟಿ, ಇದನ್ನ ದೊಡ್ಡೋಳಾದ್ಮೇಲೆ ಹಾಕ್ಕೋಬಹುದಾ?"

ಆ ಪ್ರಶ್ನೆಯೇ ನನ್ನ ಸಲಹೆಗೆ ದಾರಿ ತೋರಿಸಿತು. ಅವಳಿಗೆ ಕರಾಟೆ ಬೇಸರವಾಗಿರಲಿಲ್ಲ, ಬೆಲ್ಟೂ ಬೇಕಿತ್ತು. ಅದನ್ನು ನೋಡಿದವರು ಅವಳಿಂದ ಏನನ್ನು ಬಯಸುತ್ತಾರೋ ಅದನ್ನು ಹೊರುವ ವಯಸ್ಸು ಮಾತ್ರ ಇನ್ನೂ ಬಂದಿರಲಿಲ್ಲ.

ಸಮರಕಲೆ ಬಲ್ಲವರು ಇಲ್ಲಿ ಒಂದು ಮಾತು ಎತ್ತುತ್ತಾರೆ: ಬ್ಲ್ಯಾಕ್ ಬೆಲ್ಟ್ ಅಂದರೆ ಪರಿಣತಿಯೇ ಅಲ್ಲ, ಆರಂಭ. ನಿಜ. ಮೊದಲ ದರ್ಜೆಗೆ ಜಪಾನೀಯರು ಹೇಳುವ 'ಶೋಡಾನ್' ಪದಕ್ಕೆ ಆರಂಭದ ದರ್ಜೆ ಎಂದೇ ಅರ್ಥ. ಜೂಡೋ ಕಟ್ಟಿದ ಜಿಗೊರೊ ಕಾನೊ 1883ರಲ್ಲಿ ಮೊದಲ ಬಾರಿಗೆ ತನ್ನ ಇಬ್ಬರು ಶಿಷ್ಯರಿಗೆ ಆ ದರ್ಜೆ ಕೊಟ್ಟರು, ಕರಾಟೆಯಲ್ಲಿ ಗಿಚಿನ್ ಫುನಾಕೋಶಿ 1924ರಲ್ಲಿ ಕೊಟ್ಟರು. ಇಬ್ಬರೂ ವೃತ್ತಿಯಿಂದ ಮೇಷ್ಟ್ರುಗಳು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮೂಲಪಾಠ ಮುಗಿಯಿತು, ಇನ್ನು ನಿಜವಾದ ಕಲಿಕೆಗೆ ಬಾ ಎನ್ನುವ ಗುರುತು ಅದು. ಆದರೆ ಈ ಅರ್ಥ ಅಂಗಳದೊಳಗೆ ಉಳಿದುಬಿಟ್ಟಿದೆ. ಹೊರಗಿನವರಿಗೆ, ಅಜ್ಜಿಯಿಂದ ಹಿಡಿದು ಶಾಲೆಯ ಬೆಂಚಿನ ಗೆಳತಿಯ ತನಕ, ಬ್ಲ್ಯಾಕ್ ಬೆಲ್ಟ್ ಅಂದರೆ ಯಾರನ್ನಾದರೂ ಹೊಡೆದು ಉರುಳಿಸಬಲ್ಲವರು. ಮಗು ಬದುಕುವುದು ಈ ಎರಡನೆಯವರ ನಡುವೆ.

ಕೆಲವು ಕಲೆಗಳು ಇಲ್ಲಿ ವಯಸ್ಸಿನ ಗೆರೆ ಎಳೆದಿವೆ. ಟೇಕ್ವಾಂಡೋದ ಕುಕ್ಕಿವಾನ್ ಸಂಸ್ಥೆ 15 ವರ್ಷದೊಳಗಿನವರಿಗೆ 'ಡಾನ್' ಎಂಬ ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆ ಕೊಡುವುದಿಲ್ಲ, 'ಪೂಮ್' ಎಂಬ ಮಕ್ಕಳ ದರ್ಜೆ ಕೊಡುತ್ತದೆ. ಆ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ವಯಸ್ಸಾದ ಮೇಲೆ ಅದನ್ನು ಡಾನ್ ದರ್ಜೆಗೆ ಬದಲಿಸಿಕೊಳ್ಳಬಹುದು. ಬ್ರೆಜಿಲಿಯನ್ ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ ಇನ್ನೂ ಬಿಗಿ: 16ರ ಮೊದಲು ಕೆಳಹಂತದ ನೀಲಿ ಬೆಲ್ಟೂ ಇಲ್ಲ, ಕಪ್ಪಿಗೆ 19 ಆಗಿರಬೇಕು. ಚಿಕ್ಕವರಿಗೆ ಬೂದು, ಹಳದಿ, ಕಿತ್ತಳೆ, ಹಸಿರು ಎಂದು ಬೇರೆಯದೇ ಸಾಲಿದೆ. ಕರಾಟೆಯಲ್ಲಿ ಎಲ್ಲರೂ ಒಪ್ಪಿದ ಒಂದೇ ನಿಯಮವಿಲ್ಲ. ಶೈಲಿಗೊಂದು, ಸಂಸ್ಥೆಗೊಂದು. ಕೆಲವರು ಮಕ್ಕಳಿಗೆ ಜೂನಿಯರ್ ಬ್ಲ್ಯಾಕ್ ಬೆಲ್ಟ್ ಎಂದು ಬೇರೆಯಾಗಿ ಕೊಡುತ್ತಾರೆ, ಕೆಲವರು ದೊಡ್ಡವರದ್ದನ್ನೇ ಕೊಡುತ್ತಾರೆ. ಈ ಹುಡುಗಿಗೆ ಸಿಕ್ಕಿದ್ದು ದೊಡ್ಡವರದ್ದು.

ನಾನು ಕೊಟ್ಟ ಸಲಹೆ ಹೀಗಿತ್ತು. ಬೆಲ್ಟನ್ನು ಹಿಂದಿರುಗಿಸಬೇಡಿ. ನಾಲ್ಕು ವರ್ಷದ ಬೆವರು ಅದರಲ್ಲಿದೆ, ವಾಪಸ್ ಕೊಟ್ಟರೆ "ನೀನು ಗಳಿಸಿದ್ದು ಸುಳ್ಳು" ಎಂಬ ಅವಳ ಲೆಕ್ಕಕ್ಕೆ ನಾವೇ ಸಹಿ ಹಾಕಿದಂತೆ. ಅವಳ ಕೈಯಿಂದಲೇ ಕಪಾಟಿನಲ್ಲಿಡಿಸಿ. ಕ್ಲಾಸಿಗೆ ಹಳೆಯ ಕಂದು ಬೆಲ್ಟ್ ಕಟ್ಟಿಕೊಂಡು ಹೋಗಲಿ, ಅದೂ ತಾನೇ ಕಟ್ಟಿಕೊಳ್ಳಲಿ, ತುದಿಗಳು ಹೇಗೇ ಬರಲಿ. ಮಾಸ್ಟರ್ ಜೊತೆ ಮಾತಾಡಿ ಅವಳನ್ನು ಮುಂದಿನ ಸಾಲಿನಿಂದ ತೆಗೆಸಿ. ಬೇರೆಯವರನ್ನು ತಿದ್ದುವ ಕೆಲಸ ಸದ್ಯಕ್ಕೆ ಬೇಡ. ಕುಮಿಟೆಗೆ ಜೋಡಿ ಮಾಡುವಾಗ ಬಣ್ಣ ನೋಡುವುದು ಬೇಡ, ತೂಕ, ಎತ್ತರ ನೋಡಲಿ. ಹಲಗೆ ಒಡೆಯುವ ಅಭ್ಯಾಸ ಇದೆಯಾ ಎಂದೂ ಕೇಳಿದೆ. ಇದೆ ಎಂದರು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದು ಪದರ ಇರುತ್ತದೆ, ಹದಿಹರೆಯದ ತನಕ ಗಟ್ಟಿಯಾಗುವುದಿಲ್ಲ. ಅಲ್ಲಿ ಪೆಟ್ಟಾದರೆ ಮೂಳೆ ಬೆಳೆಯುವುದಕ್ಕೇ ತೊಡಕಾಗಬಹುದು. ಮೂಳೆ ವೈದ್ಯರನ್ನು ಕೇಳುವ ತನಕ ಅದನ್ನು ನಿಲ್ಲಿಸಿ ಎಂದೆ.

ಮುಂದಿನ ಭೇಟಿಗೆ ತಂದೆಯೂ ಬಂದರು. ಕೋಪದಲ್ಲಿದ್ದರು. "ಮೇಡಂ, ಕಷ್ಟಪಟ್ಟು ಮೇಲೆ ಹತ್ತಿದ ಮಗೂನ ನೀವು ಕೆಳಗೆ ಇಳಿಸ್ತಿದ್ದೀರಿ. ಕಷ್ಟ ಬಂದಾಗ ಓಡಿಹೋಗೋದನ್ನ ಕಲಿಸ್ತಿದ್ದೀರಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಭಯವಿರುವ ಜಾಗದಿಂದ ಮಗುವನ್ನು ಪೂರ್ತಿ ಹೊರಗೆ ತಂದರೆ ಭಯ ಬೆಳೆಯುತ್ತದೆ, ಅದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲ ವಿಷಯ. ಅದಕ್ಕಾಗಿಯೇ ಕ್ಲಾಸ್ ಬಿಡಿಸಿ ಎಂದು ನಾನು ಹೇಳಲಿಲ್ಲ. ಅವಳು ಅದೇ ಅಂಗಳಕ್ಕೆ, ಅದೇ ಮಾಸ್ಟರ್ ಬಳಿಗೆ, ಅದೇ ಗೆಳತಿಯರ ನಡುವೆ ಹೋಗಬೇಕು. ತಪ್ಪು ಮಾಡುವ, ತಿದ್ದಿಸಿಕೊಳ್ಳುವ ಹಕ್ಕು ಮಾತ್ರ ಅವಳಿಗೆ ಮರಳಿ ಸಿಗಬೇಕು. ಅದಿಲ್ಲದೆ ಆ ವಯಸ್ಸಿನಲ್ಲಿ ಕಲಿಕೆಯೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಹೀಗೆ ಹೇಳಿದೆ. ಅವರು ಒಪ್ಪಲಿಲ್ಲ. "ಅವಳ ಫೋಟೋ ಎಲ್ಲರಿಗೂ ಕಳಿಸಿದ್ದೀವಿ, ಈಗ ಏನಂತ ಹೇಳೋದು?" ಎಂದು ಮೆಲ್ಲಗೆ ಕೇಳಿದರು. ಆ ಮನುಷ್ಯನ ಮೇಲೆ ನನಗೆ ಆಗ ಮರುಕ ಬಂತು. ಮಗಳ ಸೊಂಟದ ಬೆಲ್ಟು ಅವರ ಸೊಂಟಕ್ಕೂ ಬಿಗಿದಿತ್ತು.

ನನ್ನ ಅಭಿಪ್ರಾಯಕ್ಕೆ ಎದುರಾಗುವ ಪ್ರಕರಣವೂ ನನ್ನ ಬಳಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಿಂದೊಮ್ಮೆ ನೋಡಿದ ಹತ್ತು ವರ್ಷದ ಹುಡುಗನೊಬ್ಬ ಮಾತಾಡಲು ತಡವರಿಸುತ್ತಿದ್ದ, ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಜೂನಿಯರ್ ಬ್ಲ್ಯಾಕ್ ಬೆಲ್ಟ್ ಬಂದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಆದರೆ ಅವನ ಅಂಗಳದಲ್ಲಿ ಅವನು ಎರಡು ಸಲ ಟೆಸ್ಟಿನಲ್ಲಿ ಸೋತಿದ್ದ. ಸೋತ ಮರುವಾರ ಅದೇ ಸಾಲಿನಲ್ಲಿ ನಿಂತಿದ್ದ, ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಹಾಗಾಗಿ ತಂದೆ ತಾಯಿಯರು ಯಾವ ವಯಸ್ಸು ಸರಿ ಎಂದು ಕೇಳಿದರೆ ನಾನು ಸಂಖ್ಯೆಯನ್ನೂ ಹೇಳುತ್ತೇನೆ: ದೊಡ್ಡವರ ಬ್ಲ್ಯಾಕ್ ಬೆಲ್ಟ್ 15ರ ಮೊದಲು ಬೇಡ, ಅದಕ್ಕೂ ಮೊದಲು ಕೊಡುವುದಾದರೆ ಹೆಸರೂ ನೋಟವೂ ಬೇರೆ ಇರಲಿ. ಜೊತೆಗೆ ಕ್ಲಾಸಿನವರನ್ನು ವಿಚಾರಿಸಿ ಎನ್ನುತ್ತೇನೆ. ನಿಮ್ಮಲ್ಲಿ ಟೆಸ್ಟ್ ಫೇಲಾದ ಮಕ್ಕಳಿದ್ದಾರಾ? ಅವರು ಇನ್ನೂ ಬರ್ತಿದ್ದಾರಾ? ಈ ಬೆಲ್ಟ್ ಬಂದ ಮೇಲೆ ನನ್ನ ಮಗು ಮುಂದಿನ ವರ್ಷ ಹೊಸದಾಗಿ ಏನು ಕಲಿಯುತ್ತೆ? ಇಲ್ಲಿ ಯಾರೂ ಫೇಲಾಗೋದೇ ಇಲ್ಲ ಎಂದು ಹೆಮ್ಮೆಯಿಂದ ಹೇಳುವ ಕ್ಲಾಸಿನ ಬಗ್ಗೆ ನನಗೆ ಆತಂಕ.

ಮಾಸ್ಟರ್ ಮೊದಲು ಕಂದು ಬೆಲ್ಟಿಗೆ ಒಪ್ಪಲಿಲ್ಲ, ಉಳಿದವರು ಏನಂದುಕೊಳ್ಳುತ್ತಾರೆ ಎಂದರು. ತಾಯಿ ಎರಡನೇ ಸಲ ಹೋಗಿ ಮಾತಾಡಿದರು. ಈಗ ಹುಡುಗಿ ಮೂರನೇ ಸಾಲಿನಲ್ಲಿ ನಿಲ್ಲುತ್ತಾಳೆ, ವಾರಕ್ಕೆ ಎರಡು ದಿನ ಹೋಗುತ್ತಾಳೆ. ಹಲಗೆ ಒಡೆಯುವುದು ನಿಂತಿದೆ. ಕಳೆದ ತಿಂಗಳು ಎರಡು ಸಲ ಹೊಟ್ಟೆನೋವು ಬಂದಿತ್ತು, ಎರಡು ಸಲವೂ ಹೋದಳಂತೆ. ಬ್ಲ್ಯಾಕ್ ಬೆಲ್ಟ್ ಕಪಾಟಿನ ಕೆಳಗಿನ ಅರೆಯಲ್ಲಿ, ಅವಳ ಕೈಗೆ ಎಟುಕುವ ಕಡೆ ಇದೆ. ತಂದೆ ಆಮೇಲೆ ನನ್ನ ಬಳಿ ಬಂದಿಲ್ಲ. ಮುಂದಿನ ಭೇಟಿಗೆ ಬರಲು ಹೇಳಿ ಕಳಿಸಿದ್ದೇನೆ.