ಹತ್ತು ಕಿಲೋಜೌಲ್ ಎಲ್ಲಿ ಹೋಯಿತು?

ಪ್ರಶ್ನೆ: ಗಾಜಿನ ಬೀಕರಿಗೆ ಹತ್ತಿ ಸುತ್ತಿ, 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ ಮತ್ತು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ತಲಾ 100 ಮಿಲಿಲೀಟರ್ ಬೆರೆಸಿದೆವು. ತಾಪ 5.6 ಡಿಗ್ರಿ ಏರಿತು. ಲೆಕ್ಕ ಹಾಕಿದರೆ ತಟಸ್ಥೀಕರಣದ ಶಾಖ (ಆಮ್ಲ, ಪ್ರತ್ಯಾಮ್ಲ ಬೆರೆತಾಗ ಹೊರಬರುವ ಶಾಖ) ಮೋಲಿಗೆ 46.8 ಕಿಲೋಜೌಲ್ ಬಂತು. ಪುಸ್ತಕದಲ್ಲಿ ಸುಮಾರು 57 ಇದೆ. ತಪ್ಪಿದ್ದೆಲ್ಲಿ?

ಉತ್ತರ: ಗುಣಾಕಾರ ಸರಿಯಿದೆ. ಆದರೆ 200 ಗ್ರಾಂ ದ್ರಾವಣ ಕುಡಿದ ಶಾಖವನ್ನಷ್ಟೇ ಎಣಿಸಿದ್ದೀರಿ, ಬೀಕರ್ ಕುಡಿದದ್ದನ್ನು ಬಿಟ್ಟಿದ್ದೀರಿ. ಅದನ್ನು ಹೀಗೆ ಅಳೆಯಿರಿ: ಅದೇ ಬೀಕರಿನಲ್ಲಿ 26 ಡಿಗ್ರಿಯ 100 ಗ್ರಾಂ ನೀರಿಟ್ಟು, 46 ಡಿಗ್ರಿಯ 100 ಗ್ರಾಂ ನೀರು ಸುರಿದು ಕಲಕಿ. ಪಾತ್ರೆ ಏನನ್ನೂ ಹೀರದಿದ್ದರೆ 36 ಡಿಗ್ರಿ ಬರಬೇಕು. 35.1 ಬಂತು ಅನ್ನಿ. ಬಿಸಿನೀರು ಕಳೆದುಕೊಂಡದ್ದು 4556 ಜೌಲ್, ತಣ್ಣೀರಿಗೆ ಸಿಕ್ಕಿದ್ದು 3804. ಉಳಿದ 752 ಜೌಲನ್ನು ಪಾತ್ರೆಯ ತಾಪ ಏರಿದ 9.1 ಡಿಗ್ರಿಯಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 83 ಜೌಲ್. ಅದು ಪಾತ್ರೆಯ ಪಾಲು. ಇದನ್ನು ದ್ರಾವಣದ ಪಾಲಾದ 836ಕ್ಕೆ (200 × 4.18) ಕೂಡಿಸಿ ಲೆಕ್ಕ ಹಾಕಿದರೆ ನಿಮ್ಮ 46.8 ಆಗಲೇ 51.5 ಆಗುತ್ತದೆ. ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಲೋಟಗಳಿದ್ದರೆ ಈ ತಿದ್ದುಪಡಿ ತೀರಾ ಚಿಕ್ಕದು. ಗಾಜಿಗೆ ಹತ್ತಿ ಸುತ್ತಿದರೂ ಗಾಜು ಗಾಜೇ.

ಉಳಿದದ್ದಕ್ಕೆ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಮೇಲೆ ಅನುಮಾನ ಪಡಿ. ಅದರ ಬಿಲ್ಲೆಗಳು ತೂಗುವಾಗಲೇ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತವೆ. ಲೀಟರಿಗೆ 40 ಗ್ರಾಂ ಹಾಕಿದ ಮಾತ್ರಕ್ಕೆ 1 ಮೋಲಾರ್ ಆಗದು. ಪ್ರಬಲತೆ ಗೊತ್ತಿರುವ ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡಿ (ಎಷ್ಟು ಆಮ್ಲಕ್ಕೆ ಎಷ್ಟು ಸೋಡಾ ಸರಿಹೋಗುತ್ತದೆಂದು ಅಳೆದು) ನೋಡಿ. ಪ್ರಬಲತೆ 0.92 ಎಂದು ಬಂದರೆ, 0.1ರ ಬದಲು 0.092 ಮೋಲಿನಿಂದ ಭಾಗಿಸಬೇಕು. ಆಗ ಉತ್ತರ 56 ಮುಟ್ಟುತ್ತದೆ. ಇನ್ನೊಂದು ಮಾತು: ಸೋಡಾ ಕರಗುವಾಗಲೇ ಬಿಸಿಯಾಗುತ್ತದೆ. ಪೂರ್ತಿ ಆರಿ, ಆಮ್ಲದ ತಾಪಕ್ಕೆ ಇಳಿದ ಮೇಲೆಯೇ ಬೆರೆಸಿ.

ಥರ್ಮಾಮೀಟರ್ 0.1 ಡಿಗ್ರಿ ಗೆರೆಯದ್ದಾಗಿರಲಿ. 1 ಡಿಗ್ರಿ ಗೆರೆಯದರಲ್ಲಿ ಅರ್ಧ ಡಿಗ್ರಿ ತಪ್ಪಿ ಓದಿದರೆ ಫಲಿತಾಂಶ ಶೇಕಡಾ 9ರಷ್ಟು ಕೆಟ್ಟಂತೆ. ಅತಿ ಹೆಚ್ಚು ಕಂಡ ತಾಪವನ್ನೇ ನಂಬಬೇಡಿ, ಅಷ್ಟು ಹೊತ್ತಿಗೆ ಒಂದಿಷ್ಟು ಶಾಖ ಹೊರಟುಹೋಗಿರುತ್ತದೆ. ಬೆರೆಸುವ ಮೊದಲು 3 ನಿಮಿಷ, ನಂತರ 7 ನಿಮಿಷ, 30 ಸೆಕೆಂಡಿಗೊಮ್ಮೆ ಬರೆದುಕೊಂಡು ಗ್ರಾಫ್ ಎಳೆಯಿರಿ. ಇಳಿಯುವ ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಚಾಚಿ.

ಪ್ರಶ್ನೆ: ದ್ರಾವಣಗಳನ್ನು ದುಪ್ಪಟ್ಟು ತೆಗೆದುಕೊಂಡರೆ ತಾಪವೂ ದುಪ್ಪಟ್ಟು ಏರುವುದೇ?

ಉತ್ತರ: ಇಲ್ಲ. ಶಾಖ ದುಪ್ಪಟ್ಟಾದರೆ ಅದನ್ನು ಹಂಚಿಕೊಳ್ಳುವ ನೀರೂ ದುಪ್ಪಟ್ಟು. ಏರಿಕೆ ಹೆಚ್ಚಬೇಕಾದರೆ ಎರಡೂ ದ್ರಾವಣ 2 ಮೋಲಾರ್ ಇರಬೇಕು. ಆಗ 13 ಡಿಗ್ರಿಯ ಆಸುಪಾಸು ಏರುತ್ತದೆ. ಕನ್ನಡಕ, ಕೈಗವಸು ಮರೆಯಬೇಡಿ.