ಇಡೀ ಮೈ ಅಂದ್ರೆ ಬೆನ್ನೂ ಸೇರುತ್ತೆ ಅಲ್ವಾ?

ಮನೆಯಲ್ಲೇ, ಸಾಮಾನೇನೂ ಇಲ್ಲದೆ, ದಿನಾ ಹತ್ತು ನಿಮಿಷದಲ್ಲಿ ಇಡೀ ಮೈಗೆ ಶಕ್ತಿ ಬರುವ ವರ್ಕೌಟ್ ಯಾವುದು, ಅದಕ್ಕೆ ಯಾವ ಆಪ್ ಒಳ್ಳೆಯದು ಅಂತ ಕೇಳಿದ್ದೀರಿ. ಕೂತು ಮಾಡುವ ಕೆಲಸ, ಜಿಮ್‌ಗೆ ಟೈಮ್ ಇಲ್ಲ ಅಂತಲೂ ಬರೆದಿದ್ದೀರಿ. ಇದನ್ನೇ ನಾನೂ ಹುಡುಕಿದ್ದೆ. ಸಿಕ್ಕಿತು, ಮಾಡಿದೆ, ಕೊನೆಗೆ ಬಲಗೈ ಭುಜಕ್ಕಿಂತ ಮೇಲೆ ಏಳದೆ ಎಡಗೈಯಲ್ಲಿ ತಲೆ ಬಾಚಿಕೊಂಡು ಕೆಲಸಕ್ಕೆ ಹೋಗುವ ಹಾಗಾಯ್ತು.

ನಾನು ಕಲಬುರಗಿಯಲ್ಲಿ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ತೊಗರಿ ಸೀಸನ್ ಶುರುವಾದರೆ ಬೆಳಿಗ್ಗೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮುಂದೆ ಕೂತವನು ರಾತ್ರಿ ಏಳೋದು. ಕುತ್ತಿಗೆ ಮುಂದೆ, ಭುಜ ಒಳಗೆ, ಹೊಟ್ಟೆ ಹೊರಗೆ. ಅಂಥ ಒಂದು ಸೀಸನ್ ಮುಗಿದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳೋಕೆ ಉಸಿರು ಎಳೆದುಕೊಳ್ಳಬೇಕಾಯ್ತು, ಆಗ ಈ ಹುಚ್ಚು ಹತ್ತಿತು. ಸಿಕ್ಕಿದ್ದು ಆ ಫೇಮಸ್ 7 ನಿಮಿಷದ ವರ್ಕೌಟ್. ನೀವೂ ನೋಡಿರುತ್ತೀರಿ. 2013ರಲ್ಲಿ ಅಮೆರಿಕದ ಒಂದು ಫಿಟ್‌ನೆಸ್ ಪತ್ರಿಕೆಯಲ್ಲಿ ಬ್ರೆಟ್ ಕ್ಲೀಕಾ, ಕ್ರಿಸ್ ಜೋರ್ಡನ್ ಅನ್ನುವ ಇಬ್ಬರು ಬರೆದದ್ದು. ಒಟ್ಟು 12 ವ್ಯಾಯಾಮ, ಒಂದೊಂದು 30 ಸೆಕೆಂಡ್, ನಡುವೆ 10 ಸೆಕೆಂಡ್ ಬಿಡುವು. ಒಂದು ಕುರ್ಚಿ, ಒಂದು ಗೋಡೆ ಇದ್ದರೆ ಸಾಕು. ಅದನ್ನು 2-3 ಸಲ ತಿರುಗಿಸಿ ಮಾಡಬಹುದು ಅಂತ ಅವರೇ ಬರೆದಿದ್ದರು, ಆದರೆ ಆಪ್ ಮಾಡಿದವರಿಗೆ 7 ಅನ್ನೋ ನಂಬರ್ ಅಷ್ಟೇ ಇಷ್ಟವಾಯ್ತು. ನನಗೂ ಅಷ್ಟೇ.

ಈಗ ಆ 12ರ ಪಟ್ಟಿ ಒಮ್ಮೆ ನೋಡಿ. ಜಂಪಿಂಗ್ ಜ್ಯಾಕ್, ಗೋಡೆಗೆ ಒರಗಿ ಕೂರೋದು, ಪುಶ್ ಅಪ್, ಕ್ರಂಚ್ (ಅಂಗಾತ ಮಲಗಿ ತಲೆ, ಭುಜ ಎತ್ತೋದು), ಕುರ್ಚಿ ಹತ್ತಿ ಇಳಿಯೋದು, ಬಸ್ಕಿ, ಕುರ್ಚಿ ಹಿಡಿದು ಡಿಪ್ಸ್ (ಕುರ್ಚಿ ಅಂಚಿಗೆ ಕೈ ಊರಿ ಮೈ ಇಳಿಸಿ ಎತ್ತೋದು), ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ಹಲಗೆ ಹಾಗೆ ನೇರ ಹಿಡಿಯೋದು), ನಿಂತಲ್ಲೇ ಮೊಣಕಾಲೆತ್ತಿ ಓಡೋದು, ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚಿ ಇಳಿಯೋದು), ತಿರುಗುವ ಪುಶ್ ಅಪ್, ಸೈಡ್ ಪ್ಲ್ಯಾಂಕ್. ಇದರಲ್ಲಿ ಕೈಯಿಂದ ತಳ್ಳೋದು ಮೂರು, ಎರಡು ತರದ ಪುಶ್ ಅಪ್ ಮತ್ತು ಡಿಪ್ಸ್. ಕೈಯಿಂದ ಎಳೆಯೋದು ಎಷ್ಟು? ಒಂದೂ ಇಲ್ಲ.

ನನ್ನ ತಪ್ಪು ಇಲ್ಲೇ ಇರೋದು. ಇದನ್ನು ಸ್ವಲ್ಪ ಎಳೆದು ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ನಾನು ಆ ಪಟ್ಟಿ ಸಾಲದು ಅಂತ ಅದರ ಮೇಲೆ ಇನ್ನಷ್ಟು ಪುಶ್ ಅಪ್ ಸೇರಿಸಿದೆ. ದಿನಾ. ಭಾನುವಾರ ಜಾಸ್ತಿ. ಎದೆ ಸ್ವಲ್ಪ ಉಬ್ಬಿತು, ಕನ್ನಡಿ ಮುಂದೆ ನಿಂತರೆ ಖುಷಿ ಆಗ್ತಿತ್ತು, ಅದಕ್ಕೇ ಇನ್ನೂ ಮಾಡಿದೆ. ಕನ್ನಡಿಯಲ್ಲಿ ಬೆನ್ನು ಕಾಣಲ್ಲ, ಅಲ್ವಾ? ಮೊದಲೇ ಕಂಪ್ಯೂಟರ್ ಮುಂದೆ ಬಗ್ಗಿ ಬಗ್ಗಿ ಭುಜ ಮುಂದಕ್ಕೆ ಬಂದಿತ್ತು. ಎದೆಯ ಸ್ನಾಯು ಅದನ್ನು ಮುಂದಕ್ಕೇ ಎಳೆಯುತ್ತೆ. ಹಿಂದಕ್ಕೆ ಎಳೆದು ಹಿಡಿಯಬೇಕಾದ ಬೆನ್ನಿನ ಸ್ನಾಯುಗಳು ಹಗಲೆಲ್ಲ ಸುಮ್ನೆ ಜೋತು ಬಿದ್ದಿದ್ದವು, ಬೆಳಿಗ್ಗೆ ವ್ಯಾಯಾಮದಲ್ಲೂ ಅವುಗಳಿಗೆ ಕೆಲಸ ಇಲ್ಲ. ಅಂದ್ರೆ ನಾನು ವ್ಯಾಯಾಮ ಅಂತ ಮಾಡ್ತಾ ಇದ್ದದ್ದು ಆಫೀಸ್ ಕುರ್ಚಿ ಕೆಡಿಸಿದ್ದನ್ನೇ ಇನ್ನಷ್ಟು ಕೆಡಿಸುವ ಕೆಲಸ. ಅದರ ಮೇಲೆ 30 ಸೆಕೆಂಡ್‌ನಲ್ಲಿ ಎಷ್ಟು ಆಗುತ್ತೆ ಅನ್ನೋ ಆತುರ. ಅರ್ಧಕ್ಕೆ ಇಳಿದು ಅರ್ಧಕ್ಕೆ ಏಳೋದು, ಮೊಣಕೈ ಎರಡೂ ಕಡೆ ಅಗಲ ಮಾಡೋದು.

ಮೊದಲು ಪುಶ್ ಅಪ್ ಮಾಡುವಾಗ ಮಾತ್ರ ಚುರುಕ್ ಅಂತಿತ್ತು. ಆಮೇಲೆ ಬಲಗಡೆ ಮಲಗಿದರೆ ನೋವು. ಆಮೇಲೆ ಗೂಡಿನ ಮೇಲಿನ ರೊಟ್ಟಿ ಡಬ್ಬಿ ತೆಗೆಯೋಕೆ ಆಗಲಿಲ್ಲ. ಸ್ಕ್ಯಾನ್, ಡಾಕ್ಟರ್, ಫಿಸಿಯೋಥೆರಪಿ ಅಂತ ಖರ್ಚಾದ ದುಡ್ಡಲ್ಲಿ ಒಳ್ಳೆ ಜಿಮ್‌ಗೆ ವರ್ಷದ ಫೀಸೇ ಕಟ್ಟಬಹುದಿತ್ತು. ಬೈಕ್ ಬಿಟ್ಟು ಆಟೋ ಹತ್ತಿದ ಖರ್ಚು ಬೇರೆ. ಫಿಸಿಯೋ ಮೇಡಂ ನನ್ನ ದಿನಚರಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಇಡೀ ದಿನದಲ್ಲಿ ನೀವು ಏನನ್ನಾದರೂ ಜೋರಾಗಿ ಎಳೀತೀರಾ?" ಬಹಳ ಯೋಚನೆ ಮಾಡಿ "ಬೈಕಿನ ಕ್ಲಚ್" ಅಂದೆ. ಅವರು ನಗಲಿಲ್ಲ. ಭುಜ ಮುಂದೆ ಬಿದ್ದಿರುವಾಗ ಕೈ ಎತ್ತಿದರೆ ಒಳಗಿನ ಸ್ನಾಯುರಜ್ಜು, ಅಂದ್ರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥದ್ದು, ಎಲುಬಿನ ಕೆಳಗೆ ಸಿಕ್ಕಿ ಉಜ್ಜುತ್ತೆ, ನಿಮ್ಮದು ಅದೇ ಅಂದರು. ಪುಶ್ ಅಪ್ ನಿಲ್ಲಿಸಿ ಬೆನ್ನಿಗೆ ಕೆಲಸ ಕೊಡಿ ಅಂದರು.

ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿರೋ "ಸಾಮಾನೇನೂ ಇಲ್ಲದೆ" ಅನ್ನೋ ಮಾತನ್ನು ನಾನು ಒಪ್ಪಲ್ಲ. ನೆಲದ ಮೇಲೆ ಬರಿ ಮೈಯಲ್ಲಿ ತಳ್ಳಬಹುದು, ಕೂತು ಏಳಬಹುದು, ಬಗ್ಗಬಹುದು. ನೆಲವನ್ನು ಎಳೆಯೋಕೆ ಆಗಲ್ಲ. ಎಳೆಯಬೇಕು ಅಂದ್ರೆ ಜೋತಾಡೋಕೆ ಏನಾದರೂ ಬೇಕು, ಇಲ್ಲಾ ಎತ್ತೋಕೆ ಏನಾದರೂ ಬೇಕು. ಸಾಮಾನಿಲ್ಲದ "ಫುಲ್ ಬಾಡಿ" ಅನ್ನೋದೆಲ್ಲ ಹೆಚ್ಚುಕಡಿಮೆ ಮುಕ್ಕಾಲು ಬಾಡಿ.

ನಮ್ಮ ಹಳೇ ಗರಡಿ ಮನೆಯವರು ದಂಡ (ಪುಶ್ ಅಪ್ ತರದ್ದು), ಬೈಠಕ್ (ಬಸ್ಕಿ) ಎರಡೇ ಮಾಡ್ತಿದ್ದರಲ್ಲ, ಅವರಿಗೇನೂ ಆಗಲಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಎರಡೇ ಎಲ್ಲಿ ಮಾಡ್ತಿದ್ದರು? ಅಖಾಡದ ಮಣ್ಣು ಅಗೆದು ಹದ ಮಾಡ್ತಿದ್ದರು, ಹಗ್ಗ ಹತ್ತುತ್ತಿದ್ದರು, ಇನ್ನೊಬ್ಬ ಪೈಲ್ವಾನನನ್ನು ಹಿಡಿದು ಎಳೆದಾಡುತ್ತಿದ್ದರು. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವರು ಎದೆಯ ಬಲದಲ್ಲಿ ಎತ್ತಲ್ಲ, ಬೆನ್ನು, ತೊಡೆ, ಹಿಡಿತದಲ್ಲಿ ಎತ್ತೋದು. ಈಗ ವ್ಯಾಯಾಮದ ವಿಡಿಯೋ ಮಾಡುವವರು ಅದೆಲ್ಲ ಬಿಟ್ಟು ದಂಡ ಬೈಠಕ್ ಮಾತ್ರ ತಗೊಂಡರು.

ನಾನು ಎತ್ತೋದು ಕಲಿತದ್ದು ನಮ್ಮ ಮಿಲ್‌ನ ಒಬ್ಬ ಹಮಾಲ ಕಾಕಾನ ಹತ್ತಿರ. ಭುಜ ಸುಧಾರಿಸಿದ ಮೇಲೆ ಒಂದು ದಿನ ಸುಮ್ನೆ ಹುಮ್ಮಸ್ಸಿಗೆ ಗೋದಾಮಿನಲ್ಲಿ ಅರ್ಧ ತುಂಬಿದ ಚೀಲಕ್ಕೆ ಕೈ ಹಾಕಿದೆ. "ಏನ್ರೀ ಸರ, ಸೊಂಟ ಮುರ್ಕೋತೀರೇನು?" ಅಂತ ಓಡಿ ಬಂದ. ಕಾಲು ಅಗಲಿಸಿ, ಚೀಲವನ್ನು ಎರಡು ಪಾದದ ನಡುವೆ ಬರುವಷ್ಟು ಹತ್ತಿರ ಎಳೆದುಕೊಂಡ. ಕುಂಡಿ ಹಿಂದಕ್ಕೆ ತಳ್ಳಿ ಬಗ್ಗಿದ, ಬೆನ್ನು ಒಂದಿಷ್ಟೂ ಗೂನಾಗಲಿಲ್ಲ. ಎತ್ತುವ ಮುಂಚೆ ಒಂದು ಸಲ ಉಸಿರು ಬಿಗಿಹಿಡಿದ, ಹೊಟ್ಟೆ ಗಟ್ಟಿಯಾದದ್ದು ಬನಿಯನ್ ಮೇಲೇ ಕಾಣಿಸಿತು. "ಕೈಲೆ ಎತ್ತಬ್ಯಾಡ್ರಿ, ಕೈ ಬರೇ ಕೊಕ್ಕಿ. ಕಾಲಿಲೆ ನೆಲ ಒದೀರಿ" ಅಂದ. ದುಡ್ಡು ಕೊಟ್ಟ ಯಾವ ಕೋರ್ಸ್‌ನಲ್ಲೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಸರಿ, ನಾನು ಈಗ ಏನು ಮಾಡ್ತೀನಿ ಹೇಳ್ತೀನಿ. ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ, ಅಡುಗೆಮನೆಯಲ್ಲಿ ಹಿಡಿಕೆ ಇರೋ ಕ್ಯಾನ್‌ಗಳು ಸಾಲಾಗಿ ತುಂಬಿಟ್ಟಿರುತ್ತವೆ. ಅದೇ ನನ್ನ ಜಿಮ್. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ತೂಕದ ಲೆಕ್ಕ ಇದಕ್ಕಿಂತ ಸುಲಭ ಇಲ್ಲ. ಹೊಸಬರು 5 ಲೀಟರ್‌ನಿಂದ ಶುರು ಮಾಡಿ.

ಮೊದಲು ಎಳೆಯೋದು. ಎಡಗೈ, ಎಡ ಮೊಣಕಾಲು ಮಂಚದ ಮೇಲೆ ಊರಿ, ಬೆನ್ನು ಮಟ್ಟ ಮಾಡಿ, ಬಲಗೈಯಲ್ಲಿ ಕ್ಯಾನ್ ಹಿಡಿದು ಸೊಂಟದ ಕಡೆಗೆ ಎಳೆಯಿರಿ. ಎದೆ ಕಡೆಗಲ್ಲ, ಸೊಂಟದ ಕಡೆಗೆ. ಮೊಣಕೈ ಪಕ್ಕೆಗೆ ಉಜ್ಜಿಕೊಂಡೇ ಹಿಂದೆ ಹೋಗಬೇಕು. ಮೇಲೆ ಒಂದು ಕ್ಷಣ ನಿಲ್ಲಿಸಿ, ಬೆನ್ನಿನ ರೆಕ್ಕೆ ಎಲುಬು ಒಳಗೆ ಸರಿದದ್ದು ಗೊತ್ತಾಗಬೇಕು. ನಿಧಾನ ಇಳಿಸಿ. ಆಮೇಲೆ ಇನ್ನೊಂದು ಕೈ. ಇದನ್ನು ಮೊದಲು ಇಟ್ಟಿರೋದು ಬೇಕಂತಲೇ, ಕೊನೆಗೆ ಇಟ್ಟರೆ ನೀವು ಬಿಟ್ಟೇ ಬಿಡ್ತೀರಿ.

ಆಮೇಲೆ ಕ್ಯಾನನ್ನು ಎದೆಗೆ ಅಪ್ಪಿಕೊಂಡು ಬಸ್ಕಿ. ಕೂರುವಾಗ ಹಿಮ್ಮಡಿ ನೆಲ ಬಿಡಬಾರದು. ಮೊಣಕಾಲು ನೋವಿದ್ದರೆ ಕುರ್ಚಿ ಹಿಂದಿಟ್ಟು, ಅದರ ಮೇಲೆ ಕೂತು ಏಳಿ. ಆಮೇಲೆ ಪುಶ್ ಅಪ್, ಮೊಣಕೈ ಮೈಗೆ ಹತ್ತಿರ. ನೆಲದ ಮೇಲೆ ಆಗದಿದ್ದರೆ ಗೋಡೆ ಮೇಲೆ, ಅದು ಸಲೀಸಾದ ಮೇಲೆ ಕಟ್ಟೆ ಮೇಲೆ, ಆಮೇಲೆ ನೆಲ. ಮೊಣಕಾಲೂರಿ ಮಾಡೋದಕ್ಕಿಂತ ಇದು ವಾಸಿ, ಮೈ ನೇರ ಹಿಡಿಯೋದು ಅಭ್ಯಾಸ ಆಗುತ್ತೆ. ಆಮೇಲೆ ಹಮಾಲ ಕಾಕಾ ತೋರಿಸಿದ ಹಾಗೆ ಎರಡು ಕ್ಯಾನ್ ನೆಲದಿಂದ ಎತ್ತಿ ನಿಲ್ಲೋದು. ಕೊನೆಗೆ ಒಂದೇ ಕೈಯಲ್ಲಿ ತುಂಬಿದ ಕ್ಯಾನ್ ಹಿಡಿದು, ಪಕ್ಕಕ್ಕೆ ವಾಲದೆ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯೋದು. ಹೊಟ್ಟೆಗೆ ಕ್ರಂಚ್‌ಗಿಂತ ಇದು ಸಾವಿರ ಪಾಲು ಮೇಲು ಅಂತ ನನ್ನ ಅಭಿಪ್ರಾಯ.

ಒಂದೊಂದು 8ರಿಂದ 12 ಸಲ. ಇನ್ನೆರಡು ಆಗುತ್ತೆ ಅನ್ನುವಾಗಲೇ ನಿಲ್ಲಿಸಿ. ಒಂದು ಸುತ್ತು ಮುಗಿದ ಮೇಲೆ ಒಂದೆರಡು ನಿಮಿಷ ಕೂತು, ಮತ್ತೆ ಎರಡು ಸುತ್ತು. ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಹತ್ತೇ ನಿಮಿಷ ಇರೋ ದಿನ ಒಂದೇ ಸುತ್ತು ಮಾಡಿ, ಆದರೆ ಎಳೆಯೋದು ಬಿಡಬೇಡಿ. 12 ಸಲೀಸಾಯ್ತು ಅಂದ್ರೆ ಇನ್ನೊಂದು ಲೀಟರ್ ಸುರೀರಿ, ಸಲ ಜಾಸ್ತಿ ಮಾಡೋಕೆ ಹೋಗಬೇಡಿ. ಭಾರ ಏರದೆ ಬರೀ ಎಣಿಕೆ ಏರಿದರೆ ದಮ್ಮು ಬರುತ್ತೆ, ಶಕ್ತಿ ಅಷ್ಟಾಗಿ ಬರಲ್ಲ.

"ದಿನಾ" ಅಂದಿರಲ್ಲ, ಅದನ್ನೂ ಬಿಡಿ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಸ್ನಾಯು ಬಲದ ವ್ಯಾಯಾಮ ವಾರಕ್ಕೆ 2 ದಿನ ಅಥವಾ ಅದಕ್ಕಿಂತ ಹೆಚ್ಚು ಅಂತ. ಅದರ ಜೊತೆಗೆ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯೋದು ಅಥವಾ ಅಂಥದ್ದೇನಾದರೂ. ಬಿಡುವಿನ ದಿನ ನಾನು ಅಪ್ಪನ ಕೆರೆ ಕಡೆ ನಡೆದು ಬರ್ತೀನಿ. ಎತ್ತಿದ ದಿನ ಮೈ ಬೆಳೆಯಲ್ಲ, ಬಿಟ್ಟ ದಿನ ಬೆಳೆಯುತ್ತೆ.

ನೀವು ನಮ್ಮ ಕಡೆಯವರೇ ಆಗಿದ್ದರೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟಿದಾಗ ಸಂಜೆ ಮಾಡೋಕೆ ಹೋಗಬೇಡಿ, ಗೋಡೆಗಳು ರಾತ್ರಿವರೆಗೂ ಕಾವು ಬಿಡುತ್ತಾ ಇರುತ್ತವೆ. ಹೊತ್ತು ಮೂಡುವ ಮುಂಚೆ ಮುಗಿಸಿ. ಶಹಾಬಾದಿ ಕಲ್ಲಿನ ನೆಲ ಬೆವರು ಬಿದ್ದರೆ ಜಾರುತ್ತೆ, ಜಮಖಾನ ಹಾಸಿದರೆ ಅದೂ ಜೊತೆಗೇ ಜಾರುತ್ತೆ. ಬರಿಗಾಲಲ್ಲಿ ನಿಂತು, ಪಕ್ಕದಲ್ಲಿ ಒಂದು ಒರೆಸುವ ಬಟ್ಟೆ ಇಟ್ಟುಕೊಳ್ಳಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನೋ ಸರ್ಕಾರದ ಗುರುತು) ಸಿಕ್ಕ ತೊಗರಿ ಬೇಳೆಯ ಊರಲ್ಲಿ, ಅದೂ ದಾಲ್ ಮಿಲ್ ಒಳಗೇ ಕೂತು, ಪ್ರೋಟೀನ್ ಪೌಡರ್ ಆರ್ಡರ್ ಮಾಡಿದ ಮಹಾನುಭಾವ ನಾನು. ಬೇಯಿಸದ 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ಮೈತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು, ಅಂದ್ರೆ 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ. ತೆಳ್ಳಗಿನ ಸಾರಲ್ಲಿ ಬೇಳೆ ಹುಡುಕಬೇಕಾದ ಊಟವಾದರೆ ಮಾತ್ರ ಕಷ್ಟ.

ಈಗಾಗಲೇ ಭುಜ, ಸೊಂಟ ನೋಯ್ತಾ ಇದ್ದರೆ ನನ್ನ ಉತ್ತರ ಪಕ್ಕಕ್ಕಿಟ್ಟು ಫಿಸಿಯೋಥೆರಪಿಯವರ ಹತ್ತಿರ ಹೋಗಿ. ನೋವಲ್ಲೇ ಮಾಡಿದರೆ ಬಿಟ್ಟು ಹೋಗುತ್ತೆ ಅನ್ನೋದು ಸುಳ್ಳು, ಅದನ್ನೂ ನಾನು ಮಾಡಿ ನೋಡಿದ್ದೇನೆ.

ಇನ್ನು ಆಪ್. ಯಾವುದಕ್ಕೂ ದುಡ್ಡು ಕಟ್ಟಬೇಡಿ. ಆ ದುಡ್ಡಲ್ಲಿ ಗಟ್ಟಿ ಹಿಡಿಕೆ ಇರೋ ಎರಡು ಕ್ಯಾನ್ ತಗೊಳ್ಳಿ, ತಿರುಪಿನ ಮುಚ್ಚಳ ಇರೋದು. ಒತ್ತಿ ಹಾಕುವ ಮುಚ್ಚಳದ್ದು ಬೇಡ, ಬಸ್ಕಿಯ ನಡುವೆ ಬಿಚ್ಚಿಕೊಂಡರೆ ಹಿಡಿದಿಟ್ಟ ನೀರೆಲ್ಲ ಪಡಸಾಲೆ ಪಾಲು, ಆಮೇಲೆ ಮನೆಯವರಿಗೆ ಉತ್ತರ ನೀವೇ ಹೇಳಬೇಕು.